ಬಂದವರಿಗೆ ಊಟ ಹಾಕದ ಬೆಟಗೇರಿಯ ಮನೆ

ಹೊತ್ತು ಇನ್ನೂ ಪೂರ್ತಿ ಮೂಡಿಲ್ಲ. ಸಿಂಗಟಾಲೂರಿನ ಹುಚ್ಚೀರಪ್ಪನವರ ಮನೆಯ ಕಟ್ಟೆಯ ಮೇಲೆ ಬೆಟಗೇರಿಯ ರತ್ನವ್ವ ಕಾಲು ಮಡಚಿ ಕೂತಿದ್ದಾರೆ. ಮಗ್ಗುಲಲ್ಲಿ ಐಸ್ ತುಂಬಿದ ನೀಲಿ ಪೆಟ್ಟಿಗೆ. ಮುಂದೆ ಹಾಸಿದ ಬಿಳಿ ಬಟ್ಟೆಯ ಮೇಲೆ ಸೂಜಿ, ಹತ್ತಿ, ಬೆರಳುದ್ದದ ಕೊಳವೆಗಳು. ಹುಚ್ಚೀರಪ್ಪ ಎಡಗೈ ಚಾಚಿ, ಮುಖವನ್ನು ಹೊಳೆಯ ಕಡೆಗೆ ತಿರುಗಿಸಿಕೊಂಡಿದ್ದಾರೆ. ಅರವತ್ತು ದಾಟಿದ ರೈತ, ಹಾಯುವ ಎತ್ತಿನ ಮುಂದೆ ಎದೆಗೊಟ್ಟು ನಿಲ್ಲುವ ಆಳು, ಸೂಜಿ ಕಂಡರೆ ಮಾತ್ರ ಕಣ್ಣು ಮುಚ್ಚುತ್ತಾರೆ. ಒಳಗಿನಿಂದ ಚಹಾ ಕುದಿಯುವ ವಾಸನೆ ಬರುತ್ತಿದೆ. ರಕ್ತ ಕೊಡುವವರೆಗೆ ಅದನ್ನು ಮುಟ್ಟುವಂತಿಲ್ಲ. ಸೂಜಿಗಿಂತ ಅದೇ ಅವರಿಗೆ ದೊಡ್ಡ ಶಿಕ್ಷೆಯಾದಂತಿದೆ.

"ಬಿಗಿ ಹಿಡೀಬ್ಯಾಡ್ರಿ ಕಾಕಾ, ಕೈ ಸಡ್ಲ ಬಿಡ್ರಿ," ಎನ್ನುತ್ತಾರೆ ರತ್ನವ್ವ. ಕಾಕಾ ಕೈ ಸಡಿಲ ಬಿಡುವಷ್ಟರಲ್ಲಿ ಸೂಜಿ ಹೋಗಿ ಹೊರಬಂದಾಗಿದೆ. ಕೊಳವೆಗಳು ಒಂದೊಂದಾಗಿ ತುಂಬಿವೆ. ಅವುಗಳನ್ನು ಅಲುಗಾಡದಂತೆ ನಿಲ್ಲಿಸಿ, ಹತ್ತಿಯನ್ನು ಒತ್ತಿ ಹಿಡಿಯಲು ಹೇಳುತ್ತಾರೆ. ಇಷ್ಟಕ್ಕಾಗಿ ಅವರು ಹಿಂದಿನ ಸಂಜೆಯೇ ಗದಗಿನಿಂದ ಹೊರಟು, ಮುಂಡರಗಿಯಲ್ಲಿ ತಂಗಿಯ ಮನೆಯಲ್ಲಿ ಉಳಿದು, ಹಾಲಿನ ಟಂಟಂ ಗಾಡಿ ಹತ್ತಿ ಇಲ್ಲಿಗೆ ಬಂದಿದ್ದಾರೆ. ಅವರ ಹಿಂದೆ ನಾನು, ಆಕಳಿಸುತ್ತ. ಬೆಳಗಿನ ಇಂಥ ಹೊತ್ತಿನಲ್ಲಿ ಲೋಕ ಹೇಗಿರುತ್ತದೆ ಎಂದು ನೋಡಿ ಎಷ್ಟು ವರ್ಷವಾಗಿತ್ತೋ.

ರಕ್ತ ತೆಗೆಯುವ ಹೆಣ್ಣುಮಗಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದು ಮುಗಿಸಿದರಾಯಿತು ಎಂದುಕೊಂಡೇ ನಾನು ಬಂದದ್ದು. ಆದರೆ ಅಂಗಿಯ ತೋಳು ಇಳಿಸಿಕೊಂಡ ಹುಚ್ಚೀರಪ್ಪನವರು ಹೇಳಿದ ಮಾತಿಗೆ ರತ್ನವ್ವನವರ ಕೈ ಒಂದು ಗಳಿಗೆ ನಿಂತುಬಿಟ್ಟಿತು.

"ರಕ್ತ ಎಷ್ಟ ಬೇಕಾರ ತಗೋ ತಂಗಿ. ಆ ಪೈಪ್ ಹಾಕ್ಸಾಕ ಮಾತ್ರ ನಾ ಬರೂದಿಲ್ಲ. ಎರಡ ಸಲ ಆತು. ಸಾಕು."

ರತ್ನವ್ವ ವಾದಕ್ಕೆ ಇಳಿಯಲಿಲ್ಲ. ಕೊಳವೆಗಳಿಗೆ ಚೀಟಿ ಅಂಟಿಸಿ, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, "ಆತ್ರಿ ಕಾಕಾ. ಒಲ್ಲೆ ಅನ್ನೂದು ನಿಮ್ಮ ಹಕ್ಕು. ಒಂದ ಮಾತು ಹೇಳಿ ಸುಮ್ಮನಾಗ್ತೀನಿ. ರಕ್ತ ನಮ್ಮ ಕೆಲಸಕ್ಕ. ಪೈಪ್ ನಿಮ್ಮ ಜೀವಕ್ಕ. ಚಾ ಕುಡೀರಿ ಇನ್ನ," ಎಂದರು.

ಅಷ್ಟೇ. ಹುಚ್ಚೀರಪ್ಪ ಹೊಳೆ ನೋಡುತ್ತ ಚಹಾ ಕುಡಿದರು. ಅವರ ಮನೆಯಾಕೆ ನಮಗೂ ತಂದುಕೊಟ್ಟು, ಗಂಡನನ್ನು ಕಣ್ಣಲ್ಲೇ ಬೈದು ಒಳಗೆ ಹೋದರು.

ಈ ಪೈಪಿನ ಕಥೆ ಏನು ಎಂದು ಮೊದಲು ಹೇಳಿಬಿಡಬೇಕು. ಕೆಲವರ ದೊಡ್ಡ ಕರುಳಿನ ಒಳಗೋಡೆಯ ಮೇಲೆ ಸಣ್ಣ ಸಣ್ಣ ಮಾಂಸದ ಮೊಗ್ಗುಗಳು ಏಳುತ್ತವೆ. ವೈದ್ಯರು ಪಾಲಿಪ್ ಎನ್ನುತ್ತಾರೆ. ರತ್ನವ್ವ ಹಳ್ಳಿಗಳಲ್ಲಿ, "ಕುತಿಗಿ ಮ್ಯಾಲ ನರೂಲಿ ಏಳ್ತಾವಲ್ರಿ, ಹಂಗ ಕರುಳಿನಾಗೂ ಏಳ್ತಾವು," ಎಂದು ತಿಳಿಸಿ ಹೇಳುತ್ತಾರೆ. ಹೆಚ್ಚಿನವು ತಮ್ಮ ಪಾಡಿಗೆ ಇರುತ್ತವೆ. ಕೆಲವು ವರ್ಷಗಟ್ಟಲೆ ಬೆಳೆದು ಕ್ಯಾನ್ಸರ್ ಆಗುತ್ತವೆ. ಕೊಲೊನೊಸ್ಕೋಪಿ ಎಂಬ ಪರೀಕ್ಷೆಯಲ್ಲಿ, ತುದಿಗೆ ಕ್ಯಾಮೆರಾ ಇರುವ ಉದ್ದನೆಯ ಕೊಳವೆಯನ್ನು ಒಳಗೆ ಬಿಟ್ಟು, ಕಂಡ ಮೊಗ್ಗುಗಳನ್ನು ಅಲ್ಲಿಯೇ ಕತ್ತರಿಸಿ ತೆಗೆಯುತ್ತಾರೆ. ಕೆಲಸ ಅಲ್ಲಿಗೆ ಮುಗಿದರೆ ಒಳ್ಳೆಯದಿತ್ತು. ಆದರೆ ಕೆಲವರಲ್ಲಿ ಅವು ಮತ್ತೆ ಹುಟ್ಟುತ್ತವೆ, ಕೆಲವರಲ್ಲಿ ಹುಟ್ಟುವುದಿಲ್ಲ. ಯಾರಲ್ಲಿ ಹುಟ್ಟುತ್ತವೆ ಎಂದು ಮೊದಲೇ ಖಚಿತವಾಗಿ ಹೇಳುವ ದಾರಿ ಇಲ್ಲದ್ದರಿಂದ, ಕೆಲವು ವರ್ಷಕ್ಕೊಮ್ಮೆ ಮತ್ತೆ ಪೈಪ್ ಹಾಕಿಯೇ ನೋಡಬೇಕು.

ಗದಗಿನ ಒಂದು ಆಸ್ಪತ್ರೆಯ ಡಾ. ಶಿವರಂಜನಿ ಮತ್ತು ಅವರ ಜೊತೆಗಾರರು ಹುಡುಕುತ್ತಿರುವುದು ಆ ದಾರಿಯನ್ನೇ. ನಮ್ಮ ರಕ್ತದಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳು ಓಡಾಡುತ್ತಿರುತ್ತವೆ. ಪಾಲಿಪ್ ಮರಳಿ ಬರುವವರ ರಕ್ತದಲ್ಲಿ ಯಾವುದಾದರೂ ಪ್ರೋಟೀನು ಹೆಚ್ಚೋ ಕಡಿಮೆಯೋ ಇದ್ದು ಮೊದಲೇ ಸುಳಿವು ಕೊಡಬಹುದೇ ಎಂಬುದು ಅವರ ಪ್ರಶ್ನೆ. ಪಾಲಿಪ್ ತೆಗೆದಂದಿನಿಂದ ವರ್ಷಕ್ಕೊಮ್ಮೆ ರಕ್ತ ತೆಗೆದು, ಅದರ ತಿಳಿಯನ್ನು ಹೆಪ್ಪುಗಟ್ಟಿಸಿ ಇಡುತ್ತಾರೆ. ಮೂರನೆಯ ವರ್ಷ ಪೈಪಿನಲ್ಲಿ ಕಂಡದ್ದನ್ನು ರಕ್ತ ಹೇಳಿದ್ದರ ಜೊತೆ ಹೋಲಿಸುತ್ತಾರೆ. ಪೈಪ್ ಹಾಕಿಸಿಕೊಳ್ಳದಿದ್ದರೆ ಅಷ್ಟೂ ವರ್ಷದ ರಕ್ತ ಉತ್ತರವಿಲ್ಲದ ಪ್ರಶ್ನೆಯಂತೆ ಫ್ರೀಜರಿನಲ್ಲೇ ಉಳಿಯುತ್ತದೆ. ಅದು ಅಧ್ಯಯನಕ್ಕಾಗುವ ನಷ್ಟ. ಹುಚ್ಚೀರಪ್ಪನವರ ಮಟ್ಟಿಗೆ ಮಾತು ಇನ್ನೂ ಗಟ್ಟಿ. ಮೂರು ವರ್ಷದ ಹಿಂದೆ ಅವರ ಕರುಳಿನಿಂದ ತೆಗೆದವು ಕೆಟ್ಟ ಜಾತಿಯವು, ಮತ್ತೆ ಹುಟ್ಟಿದರೆ ಬೇಗ ಬೆಳೆಯುವಂಥವು.

ಈ ಅಧ್ಯಯನಕ್ಕೆ ಸೇರಲು ಆಗ ಅವರು ಒಪ್ಪಿದ್ದೇ ಒಂದು ಸ್ವಾರಸ್ಯ. ಹೊಲದಲ್ಲಿ ಕರಿಕೆ ಹುಲ್ಲು ಕಿತ್ತ ಮೇಲೂ ಅದು ಎಲ್ಲಿ ಮತ್ತೆ ಹುಟ್ಟುತ್ತದೆ ಎಂದು ತಾವು ಮಣ್ಣು ಮುಟ್ಟಿ ಹೇಳಬಲ್ಲರಂತೆ. ರಕ್ತ ನೋಡಿ ಹಾಗೆ ಹೇಳಲು ಬರುತ್ತದೆಯೇ ನೋಡಿಯೇಬಿಡೋಣ ಎಂದು ಡಾಕ್ಟರರಿಗೇ ಸವಾಲು ಹಾಕಿ ಸಹಿ ಮಾಡಿದ್ದರಂತೆ.

ಮುಂಡರಗಿಯಲ್ಲಿ ಪರಿಚಯದ ಲ್ಯಾಬಿನವರು ರಕ್ತ ತಿರುಗಿಸುವ ಯಂತ್ರವನ್ನು ಬಳಸಲು ಬಿಡುತ್ತಾರೆ. ಗರಗರ ತಿರುಗಿ ನಿಂತಾಗ ಕೆಂಪು ಕೆಳಗೆ ಕೂತು, ಮೇಲೆ ಹೊಂಬಣ್ಣದ ತಿಳಿ ನಿಂತಿರುತ್ತದೆ. ಆ ತಿಳಿಯಲ್ಲೇ ಪ್ರೋಟೀನುಗಳು. ಹೊತ್ತು ಮೀರಿದರೆ, ಬಿಸಿಲು ತಾಗಿದರೆ ಅವು ಕೆಡುತ್ತವೆ. ಅದನ್ನು ಸಣ್ಣ ಕೊಳವೆಗಳಿಗೆ ಸುರಿಯುವಾಗ ರತ್ನವ್ವ ಉಸಿರು ಬಿಗಿ ಹಿಡಿಯುತ್ತಾರೆ, ನಾನು ಮಾತಾಡಿಸಿದರೆ ಕೈಯಲ್ಲೇ ಸುಮ್ಮನಿರಿಸುತ್ತಾರೆ. ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಗದಗಿನ ಬಸ್ಸಿನಲ್ಲಿ ಕೂತ ಮೇಲೆಯೇ ಅವರ ಬಾಯಿ ಬಿಚ್ಚುವುದು. ಕಿಟಕಿಯಾಚೆ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಸೋಮಾರಿತನದಿಂದ ತಿರುಗುತ್ತಿವೆ.

ಎಪ್ಪತ್ತಕ್ಕೂ ಹೆಚ್ಚು ಜನರ ರಕ್ತ ಇವರ ಕೈಯಲ್ಲಿ ಹಾದುಹೋಗುತ್ತದೆ. ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಎಂದು ವಾರಕ್ಕೆ ನಾಲ್ಕು ದಿನ ಸುತ್ತಾಟ. ಒಬ್ಬೊಬ್ಬರದು ಒಂದೊಂದು ತರಹ. ಅಡರಕಟ್ಟಿಯ ಮಹಾದೇವ ಎಂಬವರನ್ನು ಏನಾದರೂ ತಿಂದಿರಾ ಎಂದು ಕೇಳಿದರೆ ದೇವರಾಣೆಗೂ ಇಲ್ಲ ಎನ್ನುತ್ತಾರೆ. ಹಾಲು ಸಕ್ಕರೆ ಹಾಕಿದ ಚಹಾ, ಅದರ ಜೊತೆಗೆ ಎರಡು ಬಟರ್ ಬಿಸ್ಕೀಟು, ಎಲೆ ಅಡಿಕೆ ಎಲ್ಲ ಆಗಿರುತ್ತದೆ. ಅವರ ಲೆಕ್ಕದಲ್ಲಿ ರೊಟ್ಟಿ ಮುರಿದರೆ ಮಾತ್ರ ತಿಂದ ಹಾಗೆ. ಶಿರಹಟ್ಟಿಯ ಅಝೀಮ ಎಂಬ ಟೇಲರರು ಪ್ರತಿ ಸಲವೂ ತಮ್ಮ ರಕ್ತ ಏನು ಹೇಳಿತು ಎಂದು ಕೇಳುತ್ತಾರೆ. ರಕ್ತ ಇನ್ನೂ ಏನೂ ಹೇಳಿಲ್ಲ, ಹೇಳಿದರೂ ಅದರಿಂದ ನಿಮಗೆ ಉಪಯೋಗವಾಗುತ್ತದೋ ಇಲ್ಲವೋ ಗೊತ್ತಿಲ್ಲ, ಮುಂದೆ ಬರುವವರಿಗೆ ಆದೀತು ಎಂದು ರತ್ನವ್ವ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಅಝೀಮರು ಹಾಗಾದರೆ ಆಗಲಿ ಎಂದು ತೋಳು ಚಾಚುತ್ತಾರೆ.

"ಖರೆ ಹೇಳಬೇಕಂದ್ರ ದೊಡ್ಡಾವ್ರು ಅವ್ರ ನೋಡ್ರಿ," ಎಂದರು ರತ್ನವ್ವ. "ತಮಗ ಏನೂ ಸಿಗೂದಿಲ್ಲ ಅಂತ ಗೊತ್ತಿದ್ದೂ ವರ್ಷಾ ರಕ್ತಾ ಕೊಡ್ತಾರ. ನಂದೇನೈತಿ, ಸೂಜಿ ಚುಚ್ಚಿ ಬರ್ತೀನಿ."

ಸೂಜಿ ಚುಚ್ಚಿ ಬರುವುದಷ್ಟೇ ಆಗಿದ್ದರೆ ಈ ಲೇಖನದ ಅಗತ್ಯವೇ ಇರಲಿಲ್ಲ. ಉಳಿದದ್ದನ್ನು ತಿಳಿಯಬೇಕೆಂದರೆ ಬೆಟಗೇರಿಯ ಅವರ ಮನೆಗೆ ಹೋಗಬೇಕು.

ಇಕ್ಕಟ್ಟಾದ ಓಣಿ, ಹಳೆಯ ನೇಕಾರರ ಮನೆ. ಬಾಗಿಲು ದಾಟಿದರೆ ಮೊದಲು ಸಿಗುವುದೇ ಮಗ್ಗದ ಕೋಣೆ. ಮಗ್ಗ ಹೋಗಿ ಇಪ್ಪತ್ತು ವರ್ಷವಾಯಿತು. ನೇಕಾರ ಕಾಲಿಳಿಬಿಟ್ಟು ಕೂರುತ್ತಿದ್ದ ಕುಣಿಯನ್ನು ಮುಚ್ಚಿ ಹಲಗೆ ಹಾಸಿದ್ದಾರೆ, ಗೋಡೆಯಲ್ಲಿ ಮೊಳೆಗಳು ಮಾತ್ರ ಹಾಗೇ ಇವೆ. ರತ್ನವ್ವನವರ ಗಂಡ ಗೋವಿಂದಪ್ಪ ಈಗ ಗದಗಿನ ಬಟ್ಟೆ ಅಂಗಡಿಯೊಂದರಲ್ಲಿದ್ದಾರೆ. ತಾವು ನೇಯುತ್ತಿದ್ದ ಸೀರೆಯನ್ನು ಈಗ ಬಿಚ್ಚಿ ತೋರಿಸುವ ಕೆಲಸ ಎಂದು ಅವರೇ ನಗುತ್ತಾರೆ. ಮಗಳು ವಿದ್ಯಾಶ್ರೀ ಮದುವೆಯಾಗಿ ಲಕ್ಷ್ಮೇಶ್ವರದಲ್ಲಿದ್ದಾಳೆ. ಮನೆಯ ಯಜಮಾನಿಕೆ ಯಾರದು ಎಂದು ಕೇಳುವ ಹಾಗಿಲ್ಲ. ಅದು ಗೋವಿಂದಪ್ಪನವರ ತಾಯಿ, ಎಂಬತ್ತರ ಹತ್ತಿರದ ಸುಮಿತ್ರವ್ವನವರದು.

ಸುಮಿತ್ರವ್ವ ಮನಸ್ಸು ಮಾಡದಿದ್ದರೆ ರತ್ನವ್ವ ಇವತ್ತಿಗೂ ಮಗ್ಗದ ನೂಲಿನ ಕಂಡಿಕೆ ಸುತ್ತುತ್ತಲೇ ಇರುತ್ತಿದ್ದರೋ ಏನೋ. ಮಗ್ಗದ ದಿನಗಳು ಮುಗಿಯುತ್ತ ಬಂದಾಗ, ಪಿಯುಸಿ ಓದಿದ್ದ ಸೊಸೆಯನ್ನು ಲ್ಯಾಬ್ ಕೋರ್ಸಿಗೆಂದು ಹುಬ್ಬಳ್ಳಿಗೆ ಕಳಿಸಿದವರು ಅವರೇ. ಕೂಸನ್ನು ತಮ್ಮ ಮಗ್ಗುಲಲ್ಲಿ ಮಲಗಿಸಿಕೊಂಡರು. ನಮ್ಮ ಕಡೆ ಊರು ಬಿಟ್ಟು ಓದುವ ಮಕ್ಕಳಿಗೆ ತಾಯಂದಿರು ಬೆಳಗಿನ ಬಸ್ಸಿನಲ್ಲಿ ಬುತ್ತಿ ಕಳಿಸುತ್ತಾರಲ್ಲ, ಕಂಡಕ್ಟರರ ಕೈಗೆ ಕೊಟ್ಟರೆ ಅಲ್ಲಿ ಮಕ್ಕಳು ಬಂದು ಇಳಿಸಿಕೊಳ್ಳುತ್ತಾರಲ್ಲ, ಹಾಗೆ ಸುಮಿತ್ರವ್ವ ಎರಡು ವರ್ಷ ಸೊಸೆಗೆ ಬುತ್ತಿ ಕಳಿಸಿದರು. ಸ್ಟೀಲಿನ ಡಬ್ಬಿ, ಅದಕ್ಕೆ ಸುತ್ತಿದ್ದು ಮನೆಯದೇ ಮಗ್ಗದ ಚೌಕಳಿ ಬಟ್ಟೆ. ಮಗನಿಗೆ ಕಳಿಸುವವರನ್ನು ಕಂಡಿದ್ದೇವೆ, ಸೊಸೆಗೆ ಬುತ್ತಿ ಹೊತ್ತ ಅತ್ತೆಯನ್ನು ಈಗ ನೋಡಿದೆವು ಎಂದು ಓಣಿಯವರು ಆಡಿಕೊಂಡರು. ಸುಮಿತ್ರವ್ವ ಅದಕ್ಕೆ ಸೊಪ್ಪು ಹಾಕಲಿಲ್ಲ.

"ನನ್ನ ಕೈ ಇವತ್ತ ನರಾ ಹುಡುಕ್ತೈತಿ ಅಂದ್ರ ಅದು ಅತ್ತಿ ರೊಟ್ಟಿ ತಿಂದ ಕೈ," ಎನ್ನುತ್ತಾರೆ ರತ್ನವ್ವ. ಅತ್ತೆ ಎದುರಿಗಿದ್ದಾಗ ಮಾತ್ರ ಈ ಮಾತು ಬರುವುದಿಲ್ಲ.

ಇನ್ನು ಆ ಮಗ್ಗದ ಕೋಣೆ ಅತಿಥಿಗಳ ಕೋಣೆಯಾದದ್ದಕ್ಕೆ ಕಾರಣ ಹುಚ್ಚೀರಪ್ಪನವರೇ. ಪೈಪ್ ಹಾಕುವ ಮೊದಲು ಕರುಳು ತೊಳೆದಿಟ್ಟ ಪಾತ್ರೆಯ ಹಾಗಿರಬೇಕು. ಹಿಂದಿನ ದಿನ ಗಂಜಿಯಂಥ ಹಗುರಾದ ಊಟ, ಸಂಜೆಯಿಂದ ತಿನ್ನಲು ಏನೂ ಇಲ್ಲ, ಆಮೇಲೆ ಔಷಧಿ ಕಲಸಿದ ನೀರನ್ನು ಸಂಜೆಗೊಂದಿಷ್ಟು, ಬೆಳಗಿಗೊಂದಿಷ್ಟು ಲೀಟರುಗಟ್ಟಲೆ ಕುಡಿಯಬೇಕು. ಅದು ಹೊಟ್ಟೆಯಲ್ಲಿ ಏನನ್ನೂ ಉಳಿಸುವುದಿಲ್ಲ. ಮೂರು ವರ್ಷದ ಹಿಂದೆ ಹುಚ್ಚೀರಪ್ಪನವರು ಆ ನೀರನ್ನು ಊರಲ್ಲೇ ಕುಡಿದು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಗದಗಿನ ಬಸ್ಸು ಹತ್ತಿದರು. ಡಂಬಳ ಬರುವಷ್ಟರಲ್ಲಿ ಬಸ್ಸು ನಿಲ್ಲಿಸಬೇಕಾಯಿತು. ಡಂಬಳ ದಾಟಿದ ಮೇಲೆ ಮತ್ತೆ ನಿಲ್ಲಿಸಬೇಕಾಯಿತು. ಬಸ್ಸಿನಲ್ಲಿದ್ದ ಬೀಗರ ಕಡೆಯವರೊಬ್ಬರು ಕಾಳಜಿಯಿಂದ ಏನಾಯಿತು ಎಂದು ಊರಿಗೆಲ್ಲ ಕೇಳುವಂತೆ ವಿಚಾರಿಸಿದರು. ಅವತ್ತು ಪಾಲಿಪ್ಪುಗಳೇನೋ ಹೊರಬಂದವು, ಅವರ ಮಾನವೂ ಜೊತೆಗೇ ಹೋಯಿತು ಎಂಬುದು ಹುಚ್ಚೀರಪ್ಪನವರ ಅಭಿಪ್ರಾಯ.

ಇದು ಕಿವಿಗೆ ಬಿದ್ದಾಗ ರತ್ನವ್ವ ನಗಲಿಲ್ಲ. ದೂರದ ಹಳ್ಳಿಯವರು ಮರಳಿ ಪರೀಕ್ಷೆಗೆ ಬಾರದೇ ಇರುವುದು ಹೆದರಿಕೆಗಲ್ಲ, ನಾಚಿಕೆಗೆ ಎಂದು ಅವರಿಗೆ ಹೊಳೆಯಿತು. ಆಸ್ಪತ್ರೆಯಲ್ಲಿ ಹಿಂದಿನ ದಿನವೇ ಮಂಚ ಸಿಗುವುದು ಕಷ್ಟ. ಲಾಡ್ಜಿಗೆ ಹೋಗಲು ಇವರಿಗೆ ಮುಜುಗರ. ಗಂಡನ ಹತ್ತಿರ ಮಾತಾಡಿ ಮಗ್ಗದ ಕೋಣೆಯನ್ನು ತೊಳೆಸಿ, ಅದಕ್ಕೆ ಅಂಟಿಕೊಂಡ ಹಾಗೆ ಒಂದು ಪಾಯಖಾನೆ ಕಟ್ಟಿಸಿದರು. ಅಂದಿನಿಂದ ಹಳ್ಳಿಯವರು ಹಿಂದಿನ ಸಂಜೆಯೇ ಇಲ್ಲಿಗೆ ಬಂದು, ನೀರು ಕುಡಿದು, ಯಾರ ಮುಖಕ್ಕೂ ಬೀಳದೆ ಬೆಳಿಗ್ಗೆ ಆಟೋದಲ್ಲಿ ಆಸ್ಪತ್ರೆ ಸೇರುತ್ತಾರೆ. ಇದು ಅಧ್ಯಯನದ ಯಾವ ಕಾಗದದಲ್ಲೂ ಇಲ್ಲ. ಡಾ. ಶಿವರಂಜನಿಯವರನ್ನು ಕೇಳಿದರೆ, ರತ್ನವ್ವನ ಮನೆಗೆ ಯಾರು ನೆಂಟರು ಬರುತ್ತಾರೆ ಎಂದು ತಾವು ಹೇಗೆ ಕೇಳುವುದು ಎಂದು ನಗುತ್ತಾರೆ.

ಎಲ್ಲ ಸರಿಯಾಗಿಯೇ ನಡೆದಿತ್ತು. ಒಬ್ಬರ ಜೀವಕ್ಕೆ ಮಾತ್ರ ಸಮಾಧಾನ ಇರಲಿಲ್ಲ. ಮನೆಗೆ ಬಂದವರು ಹಸಿದು ಮಲಗುವುದನ್ನು ಸುಮಿತ್ರವ್ವ ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಮಗ್ಗ ಎರಡು ತಿಂಗಳು ನಿಂತ ವರ್ಷವೂ ಆ ಮನೆಯಲ್ಲಿ ಬಂದವರ ತಾಟು ಖಾಲಿ ಇರಲಿಲ್ಲವಂತೆ. ಈಗ ನೋಡಿದರೆ, ದೂರದಿಂದ ಬಂದ ಹಿರಿಯರು ತಮ್ಮ ಹೊಸ್ತಿಲೊಳಗೆ ಬರೀ ನೀರು ಕುಡಿದು ಸೋತು ಮಲಗುತ್ತಾರೆ. ಸೊಸೆ ತಿಳಿಸಿ ಹೇಳಿದ್ದಳು, ಅವರು ತಲೆ ಆಡಿಸಿದ್ದರು. ತಲೆ ಆಡಿಸಿದ್ದು ಬೇರೆ, ಕರುಳು ಕೇಳಬೇಕಲ್ಲ.

ಮೂರನೆಯ ವರ್ಷದ ಪರೀಕ್ಷೆಗೆಂದು ಹುಚ್ಚೀರಪ್ಪನವರು ಬಂದುಳಿದ ಆ ದಿನ, ಸಂಜೆಯ ಪಾಲಿನ ನೀರನ್ನು ಕುಡಿದು ಮುಗಿಸಿದ ಮೇಲೆ, ರತ್ನವ್ವ ಒಳಗೆ ಹೋದದ್ದನ್ನು ನೋಡಿ ಸುಮಿತ್ರವ್ವ ಒಂದು ತಾಟು ತಂದು ಅವರ ಮುಂದಿಟ್ಟರು. ಒಂದು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೇಲೆ ಎಣ್ಣೆ ಹಾಕಿದ ಅಗಸಿ ಹಿಂಡಿ, ಅದೇ ಅಗಸೆ ಬೀಜದ ಚಟ್ನಿಪುಡಿ. ಒಂದು ರೊಟ್ಟಿಯಿಂದ ಏನೂ ಆಗುವುದಿಲ್ಲ ಎಂದರು. ಹಿರಿಯ ಹೆಣ್ಣುಮಗಳು ಕೈಯಾರೆ ಬಡಿಸಿದ್ದನ್ನು ಒಲ್ಲೆ ಎನ್ನಲು ಹುಚ್ಚೀರಪ್ಪನವರಿಗೆ ಬಾಯಿ ಬರಲಿಲ್ಲ. ಹಸಿವೂ ಇತ್ತು ಅನ್ನಿ.

ಮರುದಿನ ಪೈಪಿನ ಪರದೆಯ ಮೇಲೆ ಡಾಕ್ಟರಿಗೆ ಕಂಡದ್ದು ಅಗಸಿ ಹಿಂಡಿ. ಗೋಡೆಯ ತುಂಬ ಅಂಟಿಕೊಂಡು ಕೂತಿತ್ತು. ಅದರ ಅಡಿಯಲ್ಲಿ ಏನಿದೆ, ಏನಿಲ್ಲ ಎಂದು ಹೇಳುವ ಹಾಗಿರಲಿಲ್ಲ. ಅರ್ಧಕ್ಕೇ ನಿಲ್ಲಿಸಿ, ಇನ್ನೊಂದು ದಿನ ಬರಲು ಹೇಳಿದರು. ಯಾರು ತಿನ್ನಲು ಕೊಟ್ಟರು ಎಂದು ಕೇಳಿದಾಗ, ಬಸ್‌ಸ್ಟ್ಯಾಂಡಿನ ಖಾನಾವಳಿಯಲ್ಲಿ ತಾವೇ ಉಂಡದ್ದು ಎಂದರು ಹುಚ್ಚೀರಪ್ಪ. ಮುದುಕಿಯ ಹೆಸರು ಹೇಳಲಿಲ್ಲ. ಸಂಜೆ ಸೊಸೆಯ ಮುಖ ನೋಡಿ ಸುಮಿತ್ರವ್ವನವರೇ ಎಲ್ಲ ಹೇಳಿಬಿಟ್ಟರು. ಸೊಸೆ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಬಯ್ಯದೆ ಇದ್ದದ್ದಕ್ಕೇ ತಮಗೆ ನಾಲ್ಕು ದಿನ ರೊಟ್ಟಿ ಇಳಿಯಲಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿಕೊಂಡರು.

"ಏನಂತ ಬಯ್ಲಿ?" ಎಂದರು ರತ್ನವ್ವ. "ನನಗ ಉಣಿಸಿದ ಕೈಯ್ಯದು. ಅದಕ್ಕ ಉಣಸಬ್ಯಾಡ ಅಂತ ಹೆಂಗ ಹೇಳ್ಲಿ?"

ಹುಚ್ಚೀರಪ್ಪನವರು ಎರಡು ಸಲ ಆಯಿತು, ಸಾಕು ಎಂದು ಕಟ್ಟೆಯ ಮೇಲೆ ಹೇಳಿದ್ದು ಇದಾದ ಮೇಲೆ. ಮರುಪರೀಕ್ಷೆಯನ್ನು ಮುಂದಿನ ಗುರುವಾರಕ್ಕೆ ಗೊತ್ತು ಮಾಡಿ ಆಗಿತ್ತು. ಅವರು ಒಲ್ಲೆ ಎಂದದ್ದನ್ನು ರತ್ನವ್ವ ಆಸ್ಪತ್ರೆಗೆ ತಿಳಿಸಿದರು. ಬುಧವಾರ ಸಂಜೆಯವರೆಗೆ ಹೆಸರು ತೆಗೆಯುವುದು ಬೇಡ, ಆದರೆ ಫೋನ್ ಮಾಡಿ ಕಾಡುವುದೂ ಬೇಡ ಎಂದರು ಡಾಕ್ಟರು. ರತ್ನವ್ವ ಕಾಡಲಿಲ್ಲ.

ಸೋಮವಾರ ಬೆಳಿಗ್ಗೆ ಅಡುಗೆಮನೆಯ ಗೂಡಿನಿಂದ ಆ ಹಳೆಯ ಸ್ಟೀಲಿನ ಡಬ್ಬಿ ಕಾಣೆಯಾಯಿತು. ಚೌಕಳಿ ಬಟ್ಟೆಯೂ ಇಲ್ಲ. ಅತ್ತೆಯನ್ನು ಕೇಳಿದರೆ, ಇರಬೇಕಾದ ಕಡೆ ಇದೆ ಎಂದರಂತೆ.

ಅದು ಇದ್ದದ್ದು ಮೌನೇಶ ಎಂಬ ಕಂಡಕ್ಟರರ ಸೀಟಿನ ಕೆಳಗೆ. ಸುಮಿತ್ರವ್ವ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಎಣಗಾಯಿ ಪಲ್ಯ ಮಾಡಿ, ಅಗಸಿ ಹಿಂಡಿಯನ್ನೂ ಮರೆಯದೆ ಹಾಕಿ, ಬಸ್‌ಸ್ಟ್ಯಾಂಡಿನವರೆಗೆ ಆಟೋದಲ್ಲಿ ಹೋಗಿ ಬಂದಿದ್ದರು. ಮೌನೇಶರಿಗೆ ಬುತ್ತಿ ಒಯ್ಯುವುದು ಹೊಸದಲ್ಲ. ಆದರೆ ಅವರು ಒಯ್ಯುವುದು ಹಳ್ಳಿಯಿಂದ ಪೇಟೆಗೆ. ಪೇಟೆಯಿಂದ ಹಳ್ಳಿಗೆ, ಅದೂ ಎಂಬತ್ತರ ಮುದುಕಿಯಿಂದ ಅರವತ್ತು ದಾಟಿದವರಿಗೆ ಬುತ್ತಿ ಹೋದದ್ದು ತಮ್ಮ ಸರ್ವಿಸಿನಲ್ಲಿ ಇದೇ ಮೊದಲು ಎಂದರು. ಜೊತೆಗೆ ಹೇಳಿ ಕಳಿಸಿದ ಮಾತೂ ಇತ್ತು. ಅದನ್ನು ಅವರು ಸಿಂಗಟಾಲೂರಿನಲ್ಲಿ ಬಸ್ಸು ನಿಲ್ಲಿಸಿ ಇದ್ದ ಹಾಗೇ ಒಪ್ಪಿಸಿದರು.

"ಹೋದ ಸಲ ಹೊತ್ತಿಗಿಂತ ಮೊದಲ ಬಡಿಸಿದ್ನಿ. ತಪ್ಪು ನಂದು. ಇದನ್ನ ಹೊಟ್ಟಿ ತುಂಬ ಉಣ್ರಿ."

ಬರ್ರಿ ಎಂಬ ಒಂದು ಮಾತೂ ಅದರಲ್ಲಿ ಇರಲಿಲ್ಲ. ಆದರೆ ಡಬ್ಬಿ ಇತ್ತು. ನಮ್ಮ ಕಡೆಯ ಯಾವ ಮನೆಯಲ್ಲೂ ಬಂದ ಡಬ್ಬಿಯನ್ನು ಖಾಲಿ ತಿರುಗಿಸುವುದಿಲ್ಲ, ಕಡೆಗೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಸುಮಿತ್ರವ್ವ ಇದನ್ನೆಲ್ಲ ಯೋಚಿಸಿ ಕಳಿಸಿದರೋ, ಬರೀ ಮನಸ್ಸಿನ ಭಾರಕ್ಕೆ ಕಳಿಸಿದರೋ, ನಾನು ಎರಡು ಬಗೆಯಲ್ಲಿ ಕೇಳಿ ನೋಡಿದೆ. ಎರಡು ಸಲವೂ ಚಹಾ ಕುಡಿಯಲು ಹೇಳಿದರು.

ಬುಧವಾರ ಇಳಿಹೊತ್ತಿಗೆ ನಾನೂ ಆ ಮನೆಯ ಮುಂದೆ ಕೂತಿದ್ದೆ. ರತ್ನವ್ವ ಕೆಲಸ ಮುಗಿಸಿ ಬಂದಿದ್ದಾರೆ. ನೀಲಿ ಪೆಟ್ಟಿಗೆಯನ್ನು ತೊಳೆದು ಬೋರಲು ಹಾಕಿ, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದಾರೆ. ಮುಂಡರಗಿಯ ಬಸ್ಸು ಬರುವ ಹೊತ್ತು ಬಂತು, ಹೋಯಿತು. ಆಸ್ಪತ್ರೆಗೆ ಫೋನ್ ಮಾಡಿ ಹೆಸರು ತೆಗೆಯಲು ಹೇಳಬೇಕು. ಫೋನನ್ನು ಕೈಗೆತ್ತಿಕೊಂಡವರು ಅದನ್ನು ಹಾಗೇ ಹಿಡಿದು ಕೂತಿದ್ದಾರೆ.

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಚೌಕಳಿ ಬಟ್ಟೆ ಕಂಡಿತು. ಅದರ ಹಿಂದೆ ಹುಚ್ಚೀರಪ್ಪ.

"ಡಬ್ಬಿ ಕೊಡಾಕ ಬಂದೀನಿ," ಎಂದರು. ಡಬ್ಬಿಯನ್ನು ಮೌನೇಶರ ಕೈಯಲ್ಲೇ ಕಳಿಸಬಹುದಿತ್ತು ಎಂದು ಯಾರೂ ಹೇಳಲಿಲ್ಲ. ಬಗಲಲ್ಲಿ ಟವೆಲ್ಲು, ಮಡಚಿದ ಧೋತರ, ಹಲ್ಲುಜ್ಜುವ ಬ್ರಷ್ಷು ಇದ್ದ ಚೀಲವನ್ನು ಕಂಡರೂ ಎಲ್ಲರೂ ಕಾಣದವರ ಹಾಗೆ ಇದ್ದರು. ಡಬ್ಬಿಯಲ್ಲಿ ಅವರ ಮನೆಯಾಕೆ ಮಾಡಿ ಕಳಿಸಿದ ಶೇಂಗಾ ಹೋಳಿಗೆ. ಎರಡು ದಿನ ಇಟ್ಟರೂ ಕೆಡದ ತಿನಿಸನ್ನೇ ಆರಿಸಿದ ಆ ತಾಯಿಯ ಜಾಣತನ ನನಗೆ ತುಸು ತಡವಾಗಿ ಹೊಳೆಯಿತು. ನಾಳೆ, ಎಲ್ಲ ಮುಗಿದ ಮೇಲೆ ಬಿಚ್ಚಲಿಕ್ಕೆ ಅದು.

ಮಧ್ಯಾಹ್ನ ಏನು ಊಟ ಮಾಡಿದಿರಿ ಎಂದು ರತ್ನವ್ವ ಮೆಲ್ಲಗೆ ಕೇಳಿದರು. ಬರೀ ಅಕ್ಕಿ ಗಂಜಿ ಎಂದು ಹುಚ್ಚೀರಪ್ಪ ಗೋಡೆಗೆ ಹೇಳಿದರು. ರತ್ನವ್ವ 'ಆತ್ರಿ' ಎಂದು ಒಳಗೆ ಹೋದರು. ಔಷಧಿ ಕಲಸುವ ಹೊತ್ತಿಗೆ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ, ನನ್ನ ಕಣ್ಣೂ ಅಷ್ಟು ಸರಿ ಇರಲಿಲ್ಲ.

ಆ ಸಂಜೆ ಆ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಒಲೆ ಹಚ್ಚದೆ ಬಿಡುವುದು ಸುಮಿತ್ರವ್ವನವರ ಕಡೆಯಿಂದಾಗದು. ಒಲೆ ತಣ್ಣಗಿರುವುದು ಸಾವಿನ ಮನೆಯಲ್ಲಿ. ಅದಕ್ಕೇ ಒಲೆ ಹಚ್ಚಿದರು, ಅದರ ಮೇಲೆ ಹಾಲಿಲ್ಲದ ಬೆಲ್ಲದ ಚಹಾ ಇಟ್ಟು ಸೋಸಿದರು. ಅತಿಥಿಗೆ ಡಾಕ್ಟರು ಬಿಟ್ಟದ್ದು ಅದೊಂದೇ, ಹಾಗಾಗಿ ಮನೆಯವರಿಗೂ ಅದೊಂದೇ. ಗೋವಿಂದಪ್ಪ ದಿನವಿಡೀ ನಿಂತು ಸೀರೆ ಬಿಚ್ಚಿ ಬಂದವರು, ತುಟಿಪಿಟಕ್ಕೆನ್ನದೆ ಆ ಚಹಾ ಕುಡಿದರು. ನೀವು ಉಣ್ಣದಿದ್ದರೆ ನನಗೆ ಪಾಪ ಬರುತ್ತದೆ ಎಂದು ಹುಚ್ಚೀರಪ್ಪ ಗೋಗರೆದರು. ಸುಮಿತ್ರವ್ವ ಅವರ ಎದುರಿಗೆ, ಮುಚ್ಚಿದ ಮಗ್ಗದ ಕುಣಿಯ ಹಲಗೆಯ ಮೇಲೆ ಕೂತರು.

"ಬಂದಾವ್ರನ್ನ ಬಿಟ್ಟು ಉಂಡ ಮನಿ ಅಲ್ಲಪ್ಪ ಇದು. ನೀ ಉಣ್ಣೂ ಹೊತ್ತಿಗೆ ನಾನೂ ಉಣ್ತೀನಿ. ಕುಡಿ, ಇನ್ನೊಂದ್ ಗಿಲಾಸ್ ಐತಿ."

ಅವರು ಕುಡಿದರು. ನಾನು ಬರುವ ದಾರಿಯಲ್ಲೇ ಒಂದು ತಾಟು ಮಂಡಕ್ಕಿ ಗಿರ್ಮಿಟ್ಟು, ಮೇಲೆ ಎರಡು ಮಿರ್ಚಿ ಭಜಿ ತಿಂದಿದ್ದೆ. ಅದನ್ನು ಆ ಮನೆಯಲ್ಲಿ ಬಾಯಿ ಬಿಟ್ಟು ಹೇಳುವ ಧೈರ್ಯ ಆಗಲಿಲ್ಲ.

ಗುರುವಾರ ಬೆಳಿಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತ ರತ್ನವ್ವನಿಗೆ ಮಾಡಲು ಏನೂ ಕೆಲಸವಿಲ್ಲ. ರಕ್ತ ತೆಗೆದಾಗಿದೆ, ಇಟ್ಟಾಗಿದೆ. ಬಾಗಿಲಾಚೆ ಪೈಪಿನ ಕೆಲಸ ನಡೆದಿದೆ. ಡಾ. ಶಿವರಂಜನಿ ಹೊರಗೆ ಬಂದಾಗ ಇವರು ಎದ್ದು ನಿಂತರು. ಕರುಳು ಕನ್ನಡಿಯ ಹಾಗಿತ್ತು ಎಂದರು ಡಾಕ್ಟರು. ಅದರಲ್ಲಿ ಹೊಸದಾಗಿ ಎರಡು ಮೊಗ್ಗು ಎದ್ದಿದ್ದವು. ಹೋದ ಸಲ ಅರ್ಧಕ್ಕೆ ನಿಲ್ಲಿಸಿದ್ದರಲ್ಲ, ಅಲ್ಲಿಂದ ಮುಂದೆ. ಎರಡನ್ನೂ ತೆಗೆದಾಯಿತು, ಪರೀಕ್ಷೆಗೆ ಕಳಿಸುತ್ತಾರೆ, ನೋಡಿದ ಮಟ್ಟಿಗೆ ಹೆದರುವಂಥದ್ದು ಕಾಣಲಿಲ್ಲ. ಇನ್ನೆರಡು ವರ್ಷ ಬಿಟ್ಟಿದ್ದರೆ ಈ ಮಾತು ಹೇಳುತ್ತಿದ್ದೆನೋ ಇಲ್ಲವೋ ಎಂದು ಡಾಕ್ಟರು ಒಳಗೆ ಹೋದರು. ರತ್ನವ್ವ ಕೂತುಬಿಟ್ಟರು.

ಹುಚ್ಚೀರಪ್ಪನವರ ರಕ್ತ ಇದನ್ನು ಮೊದಲೇ ಹೇಳಿತ್ತೇ? ಗೊತ್ತಿಲ್ಲ. ಫ್ರೀಜರಿನಲ್ಲಿರುವ ಕೊಳವೆಗಳನ್ನು ತೆರೆದು ನೋಡಲು ಇನ್ನೂ ಕಾಲವಿದೆ. ಆದರೆ ತೆರೆದ ದಿನ ಆ ರಕ್ತಕ್ಕೆ ಜೋಡಿಸಿ ನೋಡಲು ಈಗ ಒಂದು ಉತ್ತರವಿದೆ. ಅದು ಸಿಕ್ಕದ್ದು ಯಂತ್ರದಿಂದಲ್ಲ. ಒಂದು ಮನೆ ಒಂದು ಹೊತ್ತು ಉಪವಾಸ ಮಲಗಿದ್ದರಿಂದ. ನಾಳೆ ನನಗೋ ನಿಮಗೋ ಒಂದು ಹನಿ ರಕ್ತದಲ್ಲಿ ಈ ರೋಗದ ಸುಳಿವು ಸಿಕ್ಕರೆ, ಅದರ ಹಿಂದೆ ಈ ಓಣಿಯ ಋಣವೂ ಇರುತ್ತದೆ ಎಂಬುದನ್ನು ನೆನಪಿಡೋಣ.

ಮಧ್ಯಾಹ್ನ ಮಗ್ಗದ ಕೋಣೆಯಲ್ಲಿ ಎಲ್ಲರೂ ಸಾಲಾಗಿ ಕೂತರು. ಸುಮಿತ್ರವ್ವ ಮೊದಲು ಡಾಕ್ಟರು ಹೇಳಿದ ಮೆತ್ತನೆಯ ಅನ್ನ, ಮೊಸರು ಬಡಿಸಿದರು. ಆಮೇಲೆ ಚೌಕಳಿ ಬಟ್ಟೆಯ ಗಂಟು ಬಿಚ್ಚಿದರು. ಹೋಳಿಗೆ ಮುರಿದು ಒಂದು ಚೂರನ್ನು ಹುಚ್ಚೀರಪ್ಪನವರ ತಾಟಿಗೆ ಹಾಕುವ ಮುಂಚೆ ಸೊಸೆಯ ಮುಖ ನೋಡಿದರು. ಕೊಡಬಹುದು ಎಂದು ರತ್ನವ್ವ ತಲೆ ಆಡಿಸಿದ ಮೇಲೆಯೇ ಹಾಕಿದರು. ಹುಚ್ಚೀರಪ್ಪ ತುತ್ತು ಕೈಯಲ್ಲಿ ಹಿಡಿದರು. ತಮ್ಮ ಸಲುವಾಗಿ ಹಸಿದವರು ಎಂದು ತಮಗೆ ನೆನಪಿರುವುದು ತಾಯಿ ಒಬ್ಬಳೇ ಎಂದರು. ಆಮೇಲೆ ಉಂಡರು.

ಹೊರಡುವಾಗ, ನಿಮಗೇನು ಆಸೆ ಎಂದು ಪತ್ರಿಕೆಯವರು ಕೇಳಲೇಬೇಕಾದ ಪ್ರಶ್ನೆಯನ್ನು ರತ್ನವ್ವನವರಿಗೆ ಕೇಳಿದೆ. ಮರುದಿನ ಶಿರಹಟ್ಟಿಯ ಸುತ್ತಾಟವಿತ್ತು. ಅವರು ನೀಲಿ ಪೆಟ್ಟಿಗೆಗೆ ಕೊಳವೆ ಜೋಡಿಸುತ್ತಿದ್ದರು. ಒಳಗೆ ಅತ್ತೆ ಖಾಲಿಯಾದ ಡಬ್ಬಿಯನ್ನು ತೊಳೆಯುವ ಸಪ್ಪಳ ಕೇಳುತ್ತಿತ್ತು. ರತ್ನವ್ವ ಆ ಕಡೆ ಒಂದು ಸಲ ನೋಡಿದರು.

"ಈ ರಕ್ತ ಒಂದಿನ ಮಾತಾಡ್ಲಿ ಅಂತ ಆಸೆ ನೋಡ್ರಿ. ಯಾರಿಗೆ ಹೊಳ್ಳಿ ಬರೂದಿಲ್ಲ ಅಂತ ಅದ ಹೇಳಿಬಿಟ್ರ, ಅವ್ರಿಗೆ ಈ ನೀರು ಕುಡ್ಯೂದು ತಪ್ಪತೈತಿ. ಆವಾಗ ನಮ್ಮನಿಗೆ ಬಂದಾವ್ರಿಗೆ ನಮ್ಮತ್ತಿ ಬಂದ ದಿನಾನ ಬಡಸ್ಲಿ."